ಪಾತ್ರ ವಿಶ್ಲೇಷಣೆ ಕಲಿಸುವುದು: ಹೈಸ್ಕೂಲು ತರಗತಿಯಲ್ಲಿ ನಾನು ಅನುಸರಿಸುವ ಕ್ರಮ

‘ಈ ಪಾತ್ರದ ಸ್ವಭಾವವನ್ನು ವಿವರಿಸಿ’ ಎಂದು ಕೇಳಿದರೆ ಹೈಸ್ಕೂಲು ಮಕ್ಕಳ ಉತ್ತರ ಸಾಮಾನ್ಯವಾಗಿ ಎರಡು ಬಗೆ. ಒಂದೋ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಬಿಡುತ್ತಾರೆ, ಇಲ್ಲವೇ ಧೈರ್ಯಶಾಲಿ, ಪ್ರಾಮಾಣಿಕ, ತ್ಯಾಗಿ ಎಂದು ಗುಣಗಳ ಪಟ್ಟಿ ಕೊಡುತ್ತಾರೆ. ಎರಡಕ್ಕೂ ಕಾರಣ ಒಂದೇ: ಪಠ್ಯವನ್ನು ಮುಚ್ಚಿಟ್ಟು ನೆನಪಿನಿಂದ ಬರೆಯುವುದು. ಅದಕ್ಕೇ ಮೊದಲ ಎರಡು ಪೀರಿಯಡ್‌ಗಳಲ್ಲಿ ಗುಣವಾಚಕಗಳನ್ನು ಬಳಸಲು ನಾನು ಬಿಡುವುದಿಲ್ಲ.

ಆಯ್ದುಕೊಳ್ಳುವ ಭಾಗ ಒಂದೂವರೆ ಪುಟ ಮೀರಬಾರದು. ಅದರಲ್ಲಿ ಪಾತ್ರ ಏನಾದರೊಂದು ತೀರ್ಮಾನ ಮಾಡುತ್ತಿರಬೇಕು. ಬರೀ ವರ್ಣನೆ ಇರುವ ಭಾಗ ಕೊಟ್ಟರೆ ಮಕ್ಕಳ ಕೈಗೆ ಸಿಗುವುದೂ ವರ್ಣನೆಯೇ. ಸಾಲುಗಳಿಗೆ 5, 10, 15 ಎಂದು ಅಂಚಿನಲ್ಲಿ ಸಂಖ್ಯೆ ಹಾಕಿಸುತ್ತೇನೆ. ಇದು ಸಣ್ಣ ಕೆಲಸವೆನಿಸಿದರೂ ಮುಂದೆ ನಡೆಯುವ ಚರ್ಚೆಯೆಲ್ಲ ಇದರ ಮೇಲೇ ನಿಂತಿರುತ್ತದೆ. ‘ಎಲ್ಲಿದೆ?’ ಎಂದಾಗ ‘12ನೇ ಸಾಲು’ ಎಂದು ಹೇಳಲು ಬಂದರೆ ಅರ್ಧ ಪಾಠ ಆದಂತೆ.

ಆಮೇಲೆ ನಾಲ್ವರ ಗುಂಪು ಮಾಡಿ, ನೋಟ್‌ಬುಕ್ಕಿನ ಹಾಳೆಯನ್ನು ನಾಲ್ಕು ಕಂಬಸಾಲು ಮಾಡಿಸುತ್ತೇನೆ: ಪಾತ್ರ ಆಡಿದ ಮಾತು, ಮಾಡಿದ ಕೆಲಸ, ಬೇರೆಯವರು ಅದರ ಬಗ್ಗೆ ಹೇಳಿದ್ದು, ನಿರೂಪಕ ಹೇಳಿದ್ದು. ಪ್ರತಿ ಕಂಬಸಾಲಿನಲ್ಲೂ ಸಾಲಿನ ಸಂಖ್ಯೆಯೊಂದಿಗೆ ಕನಿಷ್ಠ ಎರಡು ನಮೂದುಗಳಿರಬೇಕು. ಮೂರನೆಯದನ್ನು ತುಂಬುವಾಗ ಹೇಳಿದವರು ಯಾರು, ಅವರಿಗೂ ಪಾತ್ರಕ್ಕೂ ಏನು ಸಂಬಂಧ ಎಂದು ಬರೆಯಲೇಬೇಕು. ಇಲ್ಲಿ ಎಡವುವವರೇ ಹೆಚ್ಚು. ವೈರಿ ಬೈದದ್ದನ್ನೂ ಆಪ್ತರು ಹೊಗಳಿದ್ದನ್ನೂ ಮಕ್ಕಳು ಒಂದೇ ತೂಕದ ಸತ್ಯವೆಂದು ತೆಗೆದುಕೊಳ್ಳುತ್ತಾರೆ. ರನ್ನನ ‘ಗದಾಯುದ್ಧ’ದಲ್ಲಿ ಭೀಮನ ಬಾಯಲ್ಲಿ ಬರುವ ದುರ್ಯೋಧನನೇ ಬೇರೆ, ರಣರಂಗದಲ್ಲಿ ಅಭಿಮನ್ಯುವಿನ ಶವದ ಮುಂದೆ ನಿಂತು ವೈರಿಯ ಮಗನ ಸಾಹಸವನ್ನು ಮೆಚ್ಚಿ, ತನಗೂ ಅಂಥ ಸಾವು ಬರಲಿ ಎನ್ನುವ ದುರ್ಯೋಧನನೇ ಬೇರೆ. ಎರಡನ್ನೂ ಅಕ್ಕಪಕ್ಕದಲ್ಲಿ ಬರೆಸಿದರೆ ‘ದುಷ್ಟ’ ಎಂಬ ಒಂದೇ ಪದ ಸಾಲದೆಂದು ಮಕ್ಕಳಿಗೆ ತಾನಾಗಿಯೇ ಕಾಣುತ್ತದೆ.

ಎರಡನೇ ಪೀರಿಯಡ್ಡಿಗೆ ಮೂರೇ ಪ್ರಶ್ನೆ. ಈ ಪಾತ್ರಕ್ಕೆ ಈಗ ಬೇಕಾದದ್ದೇನು? ಅದಕ್ಕೆ ಅಡ್ಡಿ ಯಾವುದು? ಇದನ್ನು ಬಿಟ್ಟು ಇನ್ನೇನು ಮಾಡಬಹುದಿತ್ತು? ಮೂರನೆಯದೇ ಮುಖ್ಯ. ಬೇರೆ ದಾರಿಗಳು ಕಂಡ ಮೇಲೆಯೇ ಪಾತ್ರ ಹಿಡಿದ ದಾರಿಗೆ ಬೆಲೆ ಬರುವುದು.

ಎಲ್ಲರಿಗೂ ಗೊತ್ತಿರುವ ಗೋವಿನ ಹಾಡಿನ ಹುಲಿಯನ್ನೇ ಮೊದಲ ಅಭ್ಯಾಸಕ್ಕೆ ಇಟ್ಟುಕೊಳ್ಳುತ್ತೇನೆ. ಪುಣ್ಯಕೋಟಿಯನ್ನು ಕೊಟ್ಟರೆ ಎಲ್ಲರೂ ‘ಸತ್ಯವಂತೆ’ ಎಂದು ಬರೆದು ಪೆನ್ನು ಕೆಳಗಿಡುತ್ತಾರೆ. ಹುಲಿಯ ಬಗ್ಗೆ ಸಿದ್ಧ ಉತ್ತರ, ‘ಕ್ರೂರವಾಗಿತ್ತು, ಕೊನೆಗೆ ಒಳ್ಳೆಯದಾಯಿತು.’ ಆಗ ಕೇಳುತ್ತೇನೆ: ಬದಲಾವಣೆ ಶುರುವಾದದ್ದು ಎಲ್ಲಿಂದ? ಹಸಿದಿದ್ದ ಹುಲಿ, ಹೋದವಳು ತಿರುಗಿ ಬರುತ್ತಾಳೆಂಬ ನಂಬಿಕೆಯಿಲ್ಲದೆ ಅವಳನ್ನು ‘ಒಡವೆ’ ಎಂದು ಕರೆಯುತ್ತದೆ. ಆದರೂ ಕೊನೆಗೆ ಬಿಟ್ಟು ಕಳಿಸುತ್ತದೆ. ಬಿಡದೆ ಇರಲು ಅದಕ್ಕೆ ಅಡ್ಡಿಯೇನಿತ್ತು? ಏನೂ ಇರಲಿಲ್ಲ. ಹಸು ಮರಳಿ ಬಂದ ಮೇಲೆ ಅದೇ ಬಾಯಲ್ಲಿ ‘ಒಡಹುಟ್ಟಕ್ಕ’ ಬರುತ್ತದೆ. ಸಂಬೋಧನೆ ಬದಲಾದ ಈ ಎರಡು ಜಾಗಕ್ಕೆ ಗೆರೆ ಎಳೆಸಿದರೆ, ‘ಹುಲಿ ಕೊನೆಯಲ್ಲಿ ಬದಲಾಯಿತು’ ಎನ್ನುವವರಿಗೂ ‘ಬಿಟ್ಟು ಕಳಿಸಿದಾಗಲೇ ಬದಲಾಗತೊಡಗಿತ್ತು’ ಎನ್ನುವವರಿಗೂ ಜೋರು ವಾದ ಹತ್ತುತ್ತದೆ. ತೀರ್ಪು ನಾನು ಕೊಡುವುದಿಲ್ಲ. ಯಾವ ಪಕ್ಷಕ್ಕೆ ಸಾಲುಗಳ ಬೆಂಬಲ ಹೆಚ್ಚು ಎಂದು ಎಣಿಸಿ ನೋಡಲು ಹೇಳುತ್ತೇನೆ.

ಪಾತ್ರದ ಕುರ್ಚಿ ಎಂಬ ಆಟವನ್ನು ಹತ್ತು ನಿಮಿಷ ಆಡಿಸಬಹುದು. ಒಬ್ಬರು ಪಾತ್ರವಾಗಿ ಕೂತು ಪ್ರಶ್ನೆಗಳಿಗೆ ಉತ್ತರಿಸಬೇಕು. ‘ಪಠ್ಯ ಇದನ್ನು ಹೇಳಿಲ್ಲ’ ಎನ್ನುವುದಕ್ಕೂ ಅವಕಾಶವಿರಬೇಕು, ಇಲ್ಲದಿದ್ದರೆ ಕಲ್ಪನೆ ಓಡಿ ಪಾತ್ರ ಬೇರೆಯೇ ಆಗಿಬಿಡುತ್ತದೆ.

ಗುಣವಾಚಕ ಬರುವುದು ಮೂರನೇ ಪೀರಿಯಡ್ಡಿನಲ್ಲಿ. ಬರವಣಿಗೆ ಒಂದೇ ಪ್ಯಾರಾ, ಆರೇಳು ವಾಕ್ಯ: ಮೊದಲು ಒಂದು ಅಭಿಪ್ರಾಯ, ನಂತರ ಎರಡು ಸಾಲುಗಳ ಆಧಾರ, ಆ ಆಧಾರದಿಂದ ಅಭಿಪ್ರಾಯ ಹೇಗೆ ಹೊರಟಿತು ಎಂಬ ವಿವರಣೆ, ಕೊನೆಗೆ ಇದಕ್ಕೆ ಒಪ್ಪದ ಒಂದು ಸಾಲಿದ್ದರೆ ಅದು. ಸಾಲನ್ನು ಉದ್ಧರಿಸಿ ‘ಇದರಿಂದ ಅವನು ಧೈರ್ಯಶಾಲಿ ಎಂದು ತಿಳಿಯುತ್ತದೆ’ ಎಂದು ಮುಗಿಸುವುದು ಇಲ್ಲಿನ ದೊಡ್ಡ ರೋಗ. ‘ಹೇಗೆ ತಿಳಿಯುತ್ತದೆ?’ ಎಂದು ಅಂಚಿನಲ್ಲಿ ಬರೆದು ಹಾಳೆ ವಾಪಸು ಕೊಡುತ್ತೇನೆ. ಸಾಲಿನಲ್ಲಿರುವ ಯಾವುದಾದರೂ ಒಂದು ಪದವನ್ನು ಎತ್ತಿಕೊಂಡು ಎರಡು ವಾಕ್ಯ ಸೇರಿಸಿದರೆ ಸಾಕು, ಉತ್ತರ ತುಂಬಿಕೊಳ್ಳುತ್ತದೆ.

ಗೈಡಿನ ವಾಕ್ಯಗಳು ನುಸುಳಿ ಬಂದರೆ ಬೈಯುವ ಅಗತ್ಯವಿಲ್ಲ. ಆ ವಾಕ್ಯಕ್ಕೆ ಸಾಲಿನ ಸಂಖ್ಯೆ ಕೇಳಿದರೆ ಸಾಕು. ಸಿಕ್ಕರೆ ಅದೂ ಕಲಿಕೆಯೇ. ಹಳೆಯ ಕಾವ್ಯದ ಪಾತ್ರಗಳನ್ನು ಇಂದಿನ ಸರಿತಪ್ಪುಗಳಿಂದ ಅಳೆಯಲು ಹೊರಟರೆ ಮಾತ್ರ ನಾನು ತಡೆಯುತ್ತೇನೆ. ಮೊದಲು ಆ ಪಾತ್ರ ತನ್ನ ಲೋಕದಲ್ಲಿ ಯಾವುದಕ್ಕೆ ಅಂಜುತ್ತದೆ, ಯಾವುದನ್ನು ಗೌರವಿಸುತ್ತದೆ ಎಂದು ಹುಡುಕಲಿ. ನಮ್ಮ ತೀರ್ಪು ಅದಾದ ಮೇಲೆ.

ಹತ್ತು ಅಂಕಗಳಲ್ಲಿ ಅಭಿಪ್ರಾಯಕ್ಕೆ 2, ಆಧಾರಕ್ಕೆ 3, ವಿವರಣೆಗೆ 5. ಈ ಹಂಚಿಕೆಯನ್ನು ಬರೆಯುವ ಮೊದಲೇ ಬೋರ್ಡಿನ ಮೇಲೆ ಹಾಕಿರುತ್ತೇನೆ. ನನ್ನ ಅಭಿಪ್ರಾಯಕ್ಕೆ ವಿರುದ್ಧ ಬರೆದ ವಿದ್ಯಾರ್ಥಿಯ ಆಧಾರ ಗಟ್ಟಿಯಾಗಿದ್ದರೆ ಪೂರ್ಣ ಅಂಕ ಕೊಟ್ಟು, ಆ ಪ್ಯಾರಾವನ್ನು ತರಗತಿಗೆ ಓದಿಸುತ್ತೇನೆ.