ಮೊರೇರ ಗುಡ್ಡಕ್ಕೆ ಒಬ್ಬರೇ ಹೋಗಿಬರುವುದು ಹೇಗೆ?

ಬೇಸಿಗೆಯಲ್ಲಿ ಕೊಪ್ಪಳ ಸೀಮೆಯ ಬಂಡೆಗಳು ಕಾದ ಹಂಚಾಗಿರುತ್ತವೆ. ಮಳೆಗಾಲದಲ್ಲಿ ಅವುಗಳ ಮೇಲೆ ಪಾಚಿ ಕಟ್ಟಿ ಕಾಲು ನಿಲ್ಲುವುದಿಲ್ಲ. ಚಿತ್ತಾ ಮಳೆ ಹಿಂದೆ ಸರಿದು ದೀಪಾವಳಿ ಹತ್ತಿರವಾದಾಗ ಹದ ಸಿಗುತ್ತದೆ: ಬಂಡೆಯ ಮೇಲಿನ ತಗ್ಗುಗಳಾದ ದೊಣೆಗಳಲ್ಲಿ ನೀರಿರುತ್ತದೆ, ಪೊದೆಗಳಲ್ಲಿ ಸೀತಾಫಲ ಕಣ್ಣು ಬಿಟ್ಟಿರುತ್ತದೆ, ಕೆಳಗೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಹೊಂಬಣ್ಣಕ್ಕೆ ತಿರುಗಿರುತ್ತದೆ. ಆ ದಿನಗಳಲ್ಲಿ ಒಂದು ಹಗಲನ್ನು ಹಿರೇಬೆಣಕಲ್ ಬಳಿಯ, ಪ್ರಾಚೀನ ಶಿಲಾಗೋರಿಗಳಿರುವ ಮೊರೇರ ಗುಡ್ಡಕ್ಕೆ ಮೀಸಲಿಡಿ. ಒಬ್ಬರೇ ಹೋಗಬಹುದು, ಸಿದ್ಧತೆ ಇದ್ದರೆ.

ಮೊದಲು ಊರಿಗೆ ತಿಳಿಸಿ

ಹಿರೇಬೆಣಕಲ್ ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದಲ್ಲಿ, ಕೊಪ್ಪಳದ ದಿಕ್ಕಿಗಿದೆ. ಬೆಳಗಿನ ಮೊದಲ ಬಸ್ಸುಗಳಲ್ಲೇ ಊರು ಸೇರಿ. ಇಳಿದ ಕೂಡಲೇ ಗುಡ್ಡದ ಕಡೆ ಮುಖ ಮಾಡಬೇಡಿ. ಚಹಾದ ಅಂಗಡಿಯಲ್ಲಿ ಕುಳಿತು, ಯಾವ ದಾರಿಯಲ್ಲಿ ಹತ್ತುತ್ತೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂದು ಅಂಗಡಿಯವರಿಗೆ ಹೇಳಿ. ಮನೆಯವರಿಗೂ ಅದೇ ವಿವರವನ್ನು ಸಂದೇಶದಲ್ಲಿ ಕಳಿಸಿ. ಬಂಡೆಗಳ ಸಂದಿಯಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗುತ್ತಿರುತ್ತದೆ, ಅದನ್ನು ನಂಬಿಕೊಂಡು ಹೊರಡುವಂತಿಲ್ಲ. ಸಿಗ್ನಲ್ ಇರುವಲ್ಲಿ ತುರ್ತು ಸಂಖ್ಯೆ 112.

ಈ ಭಾಗದ ಗುಡ್ಡಗಳಲ್ಲಿ ಕರಡಿಯೂ ಇದೆ, ಚಿರತೆಯೂ ಇದೆ. ಅವು ನಿನ್ನೆ ಮೊನ್ನೆ ಎಲ್ಲಿ ಕಾಣಿಸಿಕೊಂಡವು ಎಂಬುದು ಕುರಿ ಕಾಯುವವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಅವರನ್ನು ಕೇಳಿ. ಅವರು ಬೇಡವೆಂದರೆ ಅಂದು ಬೇಡ. ಕರಡಿ ಹೆಚ್ಚಾಗಿ ನಸುಕಿನಲ್ಲೂ ಮುಸ್ಸಂಜೆಯಲ್ಲೂ ಓಡಾಡುವುದರಿಂದ ಬಿಸಿಲು ಬಿದ್ದ ಮೇಲೆ ಹತ್ತಬೇಕು, ಬಿಸಿಲಿರುವಾಗಲೇ ಇಳಿಯಬೇಕು. ನವೆಂಬರ್ ಆರಂಭದಲ್ಲಿ ಇಲ್ಲಿ ಸೂರ್ಯ ಆರೂಕಾಲರ ನಂತರ ಮೂಡಿ ಆರಕ್ಕೆ ಮೊದಲೇ ಮುಳುಗುತ್ತಾನೆ. ಏಳಕ್ಕೆ ಹೊರಟು ನಾಲ್ಕಕ್ಕೆ ಊರಲ್ಲಿರುವ ಲೆಕ್ಕ ಹಾಕಿಕೊಳ್ಳಿ.

ಚೀಲದಲ್ಲಿ ಏನಿರಬೇಕು

ನಾಲ್ಕು ಲೀಟರ್ ನೀರು. ಭಾರವೆನಿಸಿದರೂ ಇದರಲ್ಲಿ ಕಡಿಮೆ ಮಾಡಬೇಡಿ. ದೊಣೆಯ ನೀರು ದನಕರುಗಳಿಗೂ ಕಾಡುಪ್ರಾಣಿಗಳಿಗೂ ಸೇರಿದ್ದು. ಬುತ್ತಿಗೆ ಖಡಕ್ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಒಂದು ತುಂಡು ಬೆಲ್ಲ ಸಾಕು. ಇವು ಬಿಸಿಲಿಗೆ ಹಳಸುವುದಿಲ್ಲ. ಟೋಪಿ, ಸೀಟಿ, ಟಾರ್ಚ್, ಗಾಯಕ್ಕೆ ಕಟ್ಟುವ ಬಟ್ಟೆ, ಮುಳ್ಳು ಕೀಳುವ ಚಿಮುಟ. ಹುಲ್ಲು ಒಣಗುವ ಕಾಲವಾದ್ದರಿಂದ ಅದರ ಊಬು ಕಾಲುಚೀಲಕ್ಕೆ ಚುಚ್ಚಿಕೊಂಡು ದಿನವಿಡೀ ಕಾಡುತ್ತದೆ. ಉದ್ದ ಪ್ಯಾಂಟ್ ತೊಡಿ. ಹಿಡಿತವಿರುವ ರಬ್ಬರ್ ತಳದ ಬೂಟು ಬೇಕು, ಚಪ್ಪಲಿ ಖಂಡಿತ ಬೇಡ. ಸುಗಂಧದ್ರವ್ಯ ಹಚ್ಚಿಕೊಳ್ಳಬೇಡಿ, ಮೇಲೆ ಎಲ್ಲೂ ಹೊಗೆ ಹಾಕಬೇಡಿ. ಕಡಿದಾದ ಬಂಡೆಗಳಿಗೆ ಹೆಜ್ಜೇನು ಕಟ್ಟಿರುತ್ತದೆ.

ಕಲ್ಲನ್ನು ಓದುವುದು

ನಡಿಗೆಯ ಮುಖ್ಯ ವಿದ್ಯೆ ಇದು. ಈ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಹಗಲಿನ ಕಾವು, ರಾತ್ರಿಯ ತಂಪು, ಮಳೆ ಇವುಗಳಿಗೆ ಸಿಕ್ಕಿ ಬಂಡೆಯ ಮೈ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತದೆ. ಒರಟಾದ, ನಸುಗೆಂಪು ಮೈಯ ಒಣ ಬಂಡೆ ಪಾದವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಇಳಿಜಾರಿದ್ದರೂ ಧೈರ್ಯವಾಗಿ ಕಾಲಿಡಬಹುದು. ಮೇಲಿನಿಂದ ಕೆಳಕ್ಕೆ ಇಳಿದ ಕಪ್ಪು ಪಟ್ಟೆಗಳು ಮಳೆನೀರು ಹರಿಯುವ ಜಾಡು. ಒದ್ದೆಯಾದರೆ ಅಲ್ಲಿ ಎಂಥ ಬೂಟೂ ನಿಲ್ಲುವುದಿಲ್ಲ. ಸಡಿಲವಾದ ಹಾಸುಗಲ್ಲನ್ನು ಕೋಲಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅದು ತಾಯಿಬಂಡೆಯಿಂದ ಬಿಟ್ಟ ಪದರ, ಅದರ ಅಂಚಿಗೆ ಭಾರ ಹಾಕಬಾರದು. ಸಂದಿಗೆ ನೋಡದೆ ಕೈ ಹಾಕಬೇಡಿ, ಕಲ್ಲು ಮಗುಚಬೇಡಿ. ಹಾವು ಚೇಳುಗಳ ಮನೆ ಅಲ್ಲೇ.

ಊರಿನಿಂದ ಮೇಲಿನ ಶಿಲಾಗೋರಿಗಳ ತಾಣಕ್ಕೆ ಎರಡೂವರೆ ಮೂರು ಕಿ.ಮೀ. ಕಲ್ಲುದಾರಿ. ಅವಸರವಿಲ್ಲದೆ ಎರಡು ಗಂಟೆ ಕೊಡಿ. ಪ್ರತಿ ಕವಲಿನಲ್ಲೂ ನಿಂತು, ತಿರುಗಿ, ಬಂದ ದಾರಿಯನ್ನು ನೋಡಿ. ಸಾಧ್ಯವಾದರೆ ಒಂದು ಫೋಟೊ ತೆಗೆಯಿರಿ. ಹತ್ತುವಾಗ ಕಂಡ ಗುಡ್ಡ ಇಳಿಯುವಾಗ ಬೇರೆಯೇ ಆಗಿ ಕಾಣುತ್ತದೆ. ಒಂದು ವರ್ಷ ನಾನು ಹಾಗೆ ನೋಡದೆ ನಡೆದು, ಇಳಿಯುವಾಗ ಪಕ್ಕದ ಕೊರಕಲಿಗೆ ಸೇರಿಬಿಟ್ಟೆ. ಅದು ಎರಡಾಳೆತ್ತರದ ನುಣುಪು ಬಂಡೆಯ ತುದಿಗೆ ತಂದು ನಿಲ್ಲಿಸಿತು. ಜಾರಿ ಇಳಿದುಬಿಡಬಹುದು ಎಂದು ಮನಸ್ಸು ಹೇಳುತ್ತಿತ್ತು. ಕುಳಿತು ನೀರು ಕುಡಿದೆ, ಮತ್ತೆ ಮೇಲಕ್ಕೆ ಹತ್ತಿ ಸರಿಯಾದ ಕವಲು ಹುಡುಕಿದೆ. ಮುಕ್ಕಾಲು ಗಂಟೆ ಹೋಯಿತು, ಕಾಲು ಉಳಿಯಿತು. ಹತ್ತಿ ಬರಲಾಗದ ಜಾಗಕ್ಕೆ ಒಬ್ಬರೇ ಇರುವಾಗ ಎಂದೂ ಇಳಿಯಬೇಡಿ.

ಮೇಲೆ

ಮರ ಪೊದೆಗಳ ನಡುವೆ ಮೊದಲ ಕಲ್ಲುಮನೆ ಕಂಡಾಗ ಉಸಿರು ನಿಲ್ಲುತ್ತದೆ. ಮೂರು ಕಡೆ ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಹೊದಿಕೆ, ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಇಂಥ ಶಿಲಾರಚನೆಗಳು ಇಲ್ಲಿ 400ಕ್ಕೂ ಹೆಚ್ಚಿವೆ. ಕ್ರಿಸ್ತಪೂರ್ವ 800ರಿಂದ 200ರ ನಡುವಿನವು ಎಂದು ಗುರುತಿಸಲಾಗಿದೆ. 2021ರಲ್ಲಿ ಈ ತಾಣ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಇವು ಕುಳ್ಳರಾದ ಮೊರೇರು ಬಾಳಿದ ಮನೆಗಳು ಎಂಬುದು ಊರವರ ಕಥೆ. ನೀವು ಬೆಳಗಿನಿಂದ ಅನುಮಾನದಿಂದ ತಟ್ಟಿ ನೋಡುತ್ತಾ ಬಂದ ಅದೇ ಬಿಟ್ಟ ಪದರಗಳನ್ನು ಎಬ್ಬಿಸಿ ಈ ಗೋರಿಗಳನ್ನು ಕಟ್ಟಿದವರು ಚಪ್ಪಡಿಗಳನ್ನು ಮಾಡಿಕೊಂಡರು. ಕಲ್ಲು ತೆಗೆದ ತಗ್ಗು ಇಂದು ಕೆರೆಯಾಗಿದೆ. ಅದರ ದಂಡೆಯಲ್ಲಿ ಕುಳಿತೇ ನಾನು ಪ್ರತಿ ಸಲ ಬುತ್ತಿ ಬಿಚ್ಚುವುದು. ಜೊತೆಗಾರರ ಮಾತಿಲ್ಲದಿರುವುದರ ಬೆಲೆ ಅಲ್ಲಿ ತಿಳಿಯುತ್ತದೆ: ಹುಲ್ಲಿನ ಮೇಲೆ ಗಾಳಿ ಬರುವುದು ಮೊದಲು ಕೇಳಿಸಿ ಆಮೇಲೆ ಮೈಗೆ ತಾಗುತ್ತದೆ.

ದಯವಿಟ್ಟು ಚಪ್ಪಡಿಗಳನ್ನು ಏರಬೇಡಿ, ಒಳಗೆ ನುಸುಳಬೇಡಿ, ಹೆಸರು ಕೆತ್ತಬೇಡಿ. ನಿಧಿಯ ಆಸೆಗೆ ಅಗೆದವರಿಂದ ಬಹಳಷ್ಟು ಈಗಾಗಲೇ ಕುಸಿದಿವೆ. ಎತ್ತರದ ಬಂಡೆಯೊಂದರ ಮೇಲೆ ಅರ್ಧಗೋಳಾಕಾರದ ನಗಾರಿ ಕಲ್ಲಿದೆ. ಬಡಿದರೆ ದೂರಕ್ಕೆ ಸದ್ದು ಹೋಗುತ್ತದೆ ಎಂದು ಅದನ್ನು ಹುಡುಕಿಕೊಂಡು ಹತ್ತುವವರಿದ್ದಾರೆ. ಕೆಳಗಿನಿಂದಲೇ ನೋಡಿ ಸಾಕು ಮಾಡಿ. ಕಲ್ಲಾಸರೆಗಳ ಗೋಡೆಯಲ್ಲಿನ ಕೆಂಪು ಬಣ್ಣದ ಚಿತ್ರಗಳಿಗೆ ಕೈಯೂ ತಾಗಬಾರದು, ನೀರೂ ಎರಚಬಾರದು.

ಈ ಸಾಲನ್ನು ಏಳು ಗುಡ್ಡ ಎಂದೂ ಕರೆಯುತ್ತಾರೆ. ಒಂದೇ ದಿನದಲ್ಲಿ ಏಳರ ನೆತ್ತಿಯನ್ನೂ ಮೆಟ್ಟುವ ಹಟ ಬೇಡ. ಗೋರಿಗಳ ತಾಣದಿಂದ ಆಚೆಗೆ ಒಂದೋ ಎರಡೋ ನೆತ್ತಿ, ಅದೂ ಕಣ್ಣಿಗೆ ದಾರಿ ಕಾಣುತ್ತಿದ್ದರೆ ಮಾತ್ರ. ಗಡಿಯಾರ ಒಂದು ಗಂಟೆ ತೋರಿಸಿದಾಗ ನೀವು ಎಲ್ಲೇ ಇರಿ, ಹಿಂದಿರುಗಿ. ಹಿಂಗಾರಿನ ಮೋಡಗಳು ಹೆಚ್ಚಾಗಿ ಮಧ್ಯಾಹ್ನದ ನಂತರ ಕಟ್ಟುತ್ತವೆ. ಗುಡುಗಿನ ಸದ್ದು ಕೇಳಿದರೆ ನೆತ್ತಿಯಿಂದಲೂ ಒಂಟಿ ಮರದ ಬುಡದಿಂದಲೂ ಕೂಡಲೇ ದೂರ ಸರಿದು ತಗ್ಗಿಗೆ ಇಳಿಯಿರಿ.

ಇಳಿಯುವಾಗ ಮೊಣಕಾಲು ಸ್ವಲ್ಪ ಬಾಗಿರಲಿ, ಹೆಜ್ಜೆ ಸಣ್ಣದಿರಲಿ. ಕಡಿದಾದ ಕಡೆ ಕುಳಿತು ಜರುಗಿದರೂ ತಪ್ಪಿಲ್ಲ. ನಡುದಾರಿಯಲ್ಲಿ ಹಣ್ಣಾದ ಸೀತಾಫಲ ಸಿಕ್ಕರೆ ಒಂದು ಕಿತ್ತುಕೊಳ್ಳಿ, ಉಳಿದದ್ದನ್ನು ಮಾರಿ ಬದುಕುವವರಿಗೆ ಬಿಡಿ.

ಊರು ಮುಟ್ಟಿದ ಮೇಲೆ ನೇರ ಬಸ್ ನಿಲ್ದಾಣಕ್ಕೆ ನಡೆಯಬೇಡಿ. ಬೆಳಿಗ್ಗೆ ಹೇಳಿ ಹೋದ ಅಂಗಡಿಗೆ ಹೋಗಿ, ಇಳಿದು ಬಂದೆ ಎಂದು ತಿಳಿಸಿ. ಅವರು ನಾಲ್ಕು ಗಂಟೆಯಿಂದ ಗುಡ್ಡದ ಕಡೆ ನೋಡುತ್ತಿರುತ್ತಾರೆ.