320 ಹಾಕದೆ ಯಕ್ಷಗಾನ ಕ್ಯಾಸೆಟ್ ಕನ್ವರ್ಟ್ ಮಾಡಿದ್ದು: ನನ್ನ ಅನುಭವ

ಯಕ್ಷಗಾನದ ಹಳೆ ಕ್ಯಾಸೆಟ್ಟನ್ನ ಎಂಪಿ3 ಮಾಡಿ ಕೊಡುದು ನನ್ನ ಕೆಲಸ. ಅದಕ್ಕೆ ಎನ್ಕೋಡರ್ (ಸೌಂಡನ್ನ ಒತ್ತಿ ಎಂಪಿ3 ಮಾಡುವ ಸಾಫ್ಟ್‌ವೇರ್) ಹುಡುಕಿ ಕೊನೆಗೂ ನಿಂತದ್ದು ಲೇಮ್ 3.100, ವಿಬಿಆರ್ (ಜಾಗಕ್ಕೆ ತಕ್ಕ ಹಾಗೆ ಬಿಟ್ ಜಾಸ್ತಿ ಕಮ್ಮಿ ಮಾಡುದು), ಕ್ವಾಲಿಟಿ ವಿ2 ಸೆಟ್ಟಿಂಗ್. ಇದನ್ನ ಹೇಳಿದಾಗ ನಮ್ಮ ಸೌಂಡ್ಸ್‌ನವ್ರು, ಮೊಬೈಲ್ ಅಂಗಡಿಯವ್ರು ಎಲ್ಲ ನಗಾಡಿದ್ರು, "ಎಂಪಿ3 ಅಂದ್ರೆ ಎಂಪಿ3 ಮಾರಾಯ್ರೆ, 320 ಹಾಕಿ ಕೊಟ್ಬಿಡಿ, ಗಿರಾಕಿ ನೋಡುದು ನಂಬರ್ ಮಾತ್ರ" ಅಂತ. (320 ಅಂದ್ರೆ ಸೆಕೆಂಡಿಗೆ 320 ಕಿಲೋಬಿಟ್, ಅಂದ್ರೆ ಕೆಬಿಪಿಎಸ್.) ಹಾಗೆ ನಗಾಡಿದವರಲ್ಲಿ ಒಬ್ರು ಈಗ ಅವರಲ್ಲಿಗೆ ಬಂದ ಕ್ಯಾಸೆಟ್ಟನ್ನೇ ನನ್ನತ್ರ ಕಳಿಸ್ತಾರೆ, ಹಾಗಾಗಿ ಬರೆಯುವ ಅಂತ ಕೂತೆ. ಡೆಕ್ ಕನೆಕ್ಟ್ ಮಾಡುದು, ಆಡಾಸಿಟಿ ಅಂತ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಲೆವೆಲ್ ನೋಡುದು ಎಲ್ಲ ನಿಮಗೆ ಗೊತ್ತುಂಟು, ಅದಕ್ಕೆ ಹೋಗುದಿಲ್ಲ.

ನನ್ನತ್ರ ಬರುದು ಹೆಚ್ಚಿನದ್ದು ತೆಂಕುತಿಟ್ಟಿನ ಯಕ್ಷಗಾನ ಆಟ, ತಾಳಮದ್ದಳೆ (ವೇಷ ಇಲ್ಲದೆ ಕೂತು ಪದ, ಮಾತಿನಲ್ಲೇ ನಡೆಯುದು). ಅಂಗಡಿಯಲ್ಲಿ ಸಿಗ್ತಿದ್ದ ಕ್ಯಾಸೆಟ್ ಕಮ್ಮಿ, ಮನೆಯವ್ರೇ ಟೇಪ್ ರೆಕಾರ್ಡರ್ ಎದುರಿಗಿಟ್ಟು ರೆಕಾರ್ಡ್ ಮಾಡಿದ ಸಿ-60, ಸಿ-90 ಜಾಸ್ತಿ. ಎನ್ಕೋಡರಿಗೆ ಇದಕ್ಕಿಂತ ಕಷ್ಟದ ಮಾಲು ನಾನಂತೂ ಕಂಡಿಲ್ಲ. ಚೆಂಡೆ ಉಂಟಲ್ಲ, ಒಂದು ಪೆಟ್ಟಿಗೂ ಇನ್ನೊಂದಕ್ಕೂ ಮಧ್ಯೆ ಮೌನ, ಆಮೇಲೆ ಫಟ್ ಅಂತ ಬೀಳ್ತದೆ. ಎಂಪಿ3 ಸೌಂಡನ್ನ ಫ್ರೇಮ್ ಅಂತ ತುಂಡು ತುಂಡು ಮಾಡ್ತದೆ, ಒಂದು ಫ್ರೇಮಿಗೆ 1152 ಸ್ಯಾಂಪಲ್, 44.1 ಕಿಲೋಹರ್ಟ್ಸ್‌ನಲ್ಲಿ ಸುಮಾರು 26 ಮಿಲಿಸೆಕೆಂಡ್. ಎನ್ಕೋಡರ್ ಆ ಹೊತ್ತಿಗೆ ಸರಿಯಾಗಿ ಶಾರ್ಟ್ ಬ್ಲಾಕಿಗೆ (ಇನ್ನೂ ಸಣ್ಣ ತುಂಡಿಗೆ) ಹಾರದಿದ್ರೆ ಪೆಟ್ಟು ಬೀಳುವ ಮೊದಲೇ ಸುಸ್ ಅಂತ ಒಂದು ಗಲೀಜು ಹರಡ್ತದೆ, ಅದೇ ಪ್ರೀ ಎಕೋ. ಚಕ್ರತಾಳ (ಜೋಡಿ ತಾಳದ ವಾದ್ಯ) ಇನ್ನೊಂದು ತಲೆನೋವು, 128 ಕೆಬಿಪಿಎಸ್‌ಗೆ ಇಳಿಸಿದ್ರೆ ನೀರೊಳಗಿಂದ ಬಂದ ಹಾಗೆ ಕೇಳ್ತದೆ. ಅದರ ಮೇಲೆ ಟೇಪಿನ ಹಿಸ್ (ಹಿಂದೆ ಯಾವಾಗಲೂ ಸುಯ್ ಅನ್ನುವ ಸದ್ದು).

ಮೊದಲು ನಾನು ಒಂದು ಪೇಯ್ಡ್ ಕನ್ವರ್ಟರ್ ತಗೊಂಡಿದ್ದೆ, ಹೆಸರು ಬೇಡ, ವರ್ಷಕ್ಕೆ ಹದಿನೆಂಟು ನೂರೋ ಎರಡು ಸಾವಿರವೋ ಇತ್ತು. ಆಗಾಗ ಅಪ್ಡೇಟ್ ಅಂತ ಪಾಪ್ ಅಪ್, ಪ್ರತಿ ಸಲ ಹೊಸ ಇಂಜಿನ್, ಸೌಂಡ್ ಕ್ವಾಲಿಟಿ ಇಂಪ್ರೂವ್ ಆಗಿದೆ ಅಂತ ಬರ್ತಿತ್ತು. ಚೆಂಡೆ ಮಾತ್ರ ಅದೇ ಸುಸ್. ಒಂದಿನ ಅಪ್ಡೇಟಿನ ಮುಂಚಿನ ಫೈಲು, ನಂತರದ ಫೈಲು ಎರಡನ್ನೂ ಮೀಡಿಯಾಇನ್ಫೋದಲ್ಲಿ (ಫೈಲಿನ ಒಳ ವಿವರ ತೋರಿಸುವ ಸಾಫ್ಟ್‌ವೇರ್) ಹಾಕಿ ರೈಟಿಂಗ್ ಲೈಬ್ರರಿ ಅಂತ ಇರುವ ಸಾಲು ನೋಡಿದೆ, ಎರಡರಲ್ಲೂ ಲೇಮ್ 3.98! ಎರಡು ವರ್ಷ ದುಡ್ಡು ಕಟ್ಟಿದ್ದು ಬಟನ್ನಿನ ಬಣ್ಣಕ್ಕೆ. ಅಪ್ಡೇಟ್ ಮಾಡಿದೆ ಮಾಡಿದೆ ಅಂತ ಹೇಳ್ತೇವಲ್ಲ, ಹೆಚ್ಚಿನ ಸಲ ಹೊಸದಾಗುದು ಮೇಲಿನ ಅಂಗಿ ಮಾತ್ರ, ಒಳಗಿನ ಎನ್ಕೋಡರ್ ಯಾವುದು ಅಂತ ಯಾರೂ ನೋಡುದಿಲ್ಲ. ನೀವು ಮಾಡಿದ ಯಾವುದಾದ್ರೂ ಫೈಲ್ ತೆಗೆದು ಈಗಲೇ ನೋಡಿ ಬೇಕಿದ್ರೆ.

ಆಮೇಲೆ ಫ್ರೀ ಅಂತ ಇನ್ನೊಂದು ಇಳಿಸಿದೆ, ಅದು ಬ್ರೌಸರಿಗೆ ಎಂತೆಂತದೋ ಟೂಲ್‌ಬಾರ್ ಅಂಟಿಸಿ ಹೋಯ್ತು, ಕಂಪ್ಯೂಟರ್ ಫಾರ್ಮ್ಯಾಟ್ ಮಾಡ್ಸುದಕ್ಕೆ ಐನೂರು ಕೊಟ್ಟೆ. ಅಲ್ಲಿಗೆ ಈ ರೆಡಿಮೇಡ್ ಕನ್ವರ್ಟರ್ ಸಹವಾಸ ಸಾಕು ಅಂತ ಫೂಬಾರ್ 2000 ಅನ್ನುವ ಆಡಿಯೋ ಪ್ಲೇಯರ್ ಹಾಕ್ಕೊಂಡು ಎನ್ಕೋಡರನ್ನ ಬೇರೆಯಾಗಿ ಇಟ್ಟೆ. ಲೇಮ್‌ನವರು ಕೊಡುದು ಬರೀ ಸೋರ್ಸ್ ಕೋಡ್, ರೆಡಿ ಎಕ್ಸಿ (ನೇರ ಓಡುವ ಫೈಲ್) ಬೇಕಿದ್ರೆ ರೇರ್‌ವೇರ್ಸ್ ಅನ್ನುವ ಸೈಟಿನಿಂದ. ಒಂದು ಫೋಲ್ಡರಿನಲ್ಲಿ ಹಳೆ ವರ್ಷನ್ ಎಲ್ಲ ಹೆಸರು ಬದಲಿಸಿ ಇಟ್ಟಿದ್ದೇನೆ, 3.97, 3.98.4, 3.99.5, 3.100. 2008ರಲ್ಲಿ 3.98 ಬಂದಾಗ ಹೊಸ ವಿಬಿಆರ್ ವಿಧಾನವೇ ಡಿಫಾಲ್ಟ್ ಆಯ್ತು, ಸ್ಪೀಡೂ ಬಂತು. 3.100 ಬಂದದ್ದು 2017ರ ಅಕ್ಟೋಬರಿನಲ್ಲಿ, ಅದೇ ವರ್ಷ ಏಪ್ರಿಲಲ್ಲಿ ಎಂಪಿ3ಯ ಲೈಸೆನ್ಸ್ ವ್ಯವಹಾರವೂ ಮುಗಿದಿತ್ತು. ಅದಾದ್ಮೇಲೆ ವರ್ಷಗಟ್ಟಲೆ ಹೊಸದು ಬರ್ಲೇ ಇಲ್ಲ. ಆದ್ರೂ ತಿಂಗಳಿಗೊಂದು ಹೊಸ ಎಂಪಿ3 ಇಂಜಿನ್ ಹೇಗೆ ಹುಟ್ತದೋ ದೇವರಿಗೇ ಗೊತ್ತು.

ಈಗ ನನ್ನ ಪದ್ಧತಿ. ಕಷ್ಟದ ತುಂಡುಗಳದ್ದೇ ಒಂದು ಫೋಲ್ಡರ್ ಉಂಟು, ಹತ್ತಿಪ್ಪತ್ತು ಸೆಕೆಂಡಿನದ್ದು, ಒಂದು ಡಜನ್ ಇರಬಹುದು. ಏರುಪದದ ಬಿಡ್ತಿಗೆ (ಜೋರಿನ ಪದಕ್ಕೆ ಬಾರಿಸುವ ಪೆಟ್ಟು), ಬರೀ ಚಕ್ರತಾಳ, ಜಾಗಟೆ, ಭಾಗವತರು ಮೇಲಿನ ಷಡ್ಜಕ್ಕೆ ಹೋಗಿ ನಿಂತದ್ದು, ಹಿಂದೆ ಜನ ಚಪ್ಪಾಳೆ ತಟ್ಟಿದ್ದು (ಚಪ್ಪಾಳೆ ಸಣ್ಣದಲ್ಲ, ಎಷ್ಟೋ ಎನ್ಕೋಡರಿನ ಮಾನ ಹೋಗುದು ಅಲ್ಲೇ). ಯಾವ ಎನ್ಕೋಡರ್ ಬಂದ್ರೂ ಮೊದಲು ಈ ಫೋಲ್ಡರ್ ಕನ್ವರ್ಟ್ ಆಗ್ಬೇಕು, ಆಮೇಲೆ ಫೂಬಾರಿನ ಎಬಿಎಕ್ಸ್‌ನಲ್ಲಿ (ಯಾವುದು ಯಾವುದು ಅಂತ ಹೇಳದೆ ಕಿವಿ ಪರೀಕ್ಷೆ ಮಾಡುದು) ಒರಿಜಿನಲ್ ಜೊತೆ ಹದಿನಾರು ಸಲ ಕಣ್ಮುಚ್ಚಿ ಕೇಳುದು. ಹದಿನಾರರಲ್ಲಿ ಹನ್ನೆರಡು ಸರಿ ಬಂದ್ರೆ ವ್ಯತ್ಯಾಸ ಉಂಟು ಅಂತ ಲೆಕ್ಕ, ಎಂಟೊಂಬತ್ತು ಬಂದ್ರೆ ಅದು ಬರೀ ಊಹೆ. ಸೌಂಡ್ಸ್‌ನವರನ್ನೂ ಕೂರಿಸಿದೆ. 128 ಸಿಬಿಆರನ್ನ (ಎಲ್ಲ ಕಡೆ ಒಂದೇ ಬಿಟ್‌ರೇಟ್) ಕೂಡ್ಲೇ ಹಿಡಿದ್ರು, ಒಪ್ಪುವ ಮಾತೇ, ಅವರ ಕಿವಿ ಚೂರಿ. ವಿ2 ಬಂದಾಗ ಹದಿನಾರರಲ್ಲಿ ಏಳೋ ಎಂಟೋ. ಹೆಡ್‌ಫೋನ್ ಸರಿ ಇಲ್ಲ ಅಂದ್ರು, ಅವರದ್ದೇ ತಂದ್ರು, ಮತ್ತೂ ಅಷ್ಟೇ. ವಿ2 ಅಂದ್ರೆ ಸಾಮಾನ್ಯಕ್ಕೆ 190 ಆಸುಪಾಸು, ನನ್ನ ಕ್ಯಾಸೆಟ್‌ಗಳಲ್ಲಿ 170ರಿಂದ 210ರವರೆಗೆ ಓಡಾಡ್ತದೆ, ಚೆಂಡೆ ಬಂದ ಜಾಗಕ್ಕೆ ಜಾಸ್ತಿ ಬಿಟ್ ತಾನೇ ತಗೊಳ್ತದೆ, ಮೌನಕ್ಕೆ ಕಮ್ಮಿ. ಗಂಟೆಗೆ 85 ಎಂಬಿ ಹತ್ರ ಬರ್ತದೆ, 320 ಆದ್ರೆ 140 ದಾಟ್ತದೆ.

320 ಹುಚ್ಚಿನ ಬಗ್ಗೆ ಇನ್ನೊಂದು. ಪೆನ್‌ಡ್ರೈವಿನಲ್ಲಿ 320 ಅಂತ ಮಾರುವ ಫೈಲನ್ನ ಸ್ಪೆಕ್ ಅಂತ, ಯಾವ ಎತ್ತರದ ಸ್ವರ ಎಷ್ಟುಂಟು ಅಂತ ಚಿತ್ರದಲ್ಲಿ ತೋರಿಸುವ ಸಣ್ಣ ಸಾಫ್ಟ್‌ವೇರಿನಲ್ಲಿ ಎಳೆದು ಹಾಕಿ ನೋಡಿ, ಎಷ್ಟೋ ಫೈಲಲ್ಲಿ 16 ಕಿಲೋಹರ್ಟ್ಸ್‌ಗೆ ಕತ್ತಿಯಲ್ಲಿ ಕಡ್ದ ಹಾಗೆ ಕಪ್ಪು. ಹಳೆ 128ನ್ನ ಮತ್ತೊಮ್ಮೆ 320ಗೆ ಏರಿಸಿದ್ದು ಅನ್ನುದಕ್ಕೆ ಅದು ಒಳ್ಳೆ ಗುರುತು. ಕ್ಯಾಸೆಟ್ಟಿಂದ ಬಂದದ್ದಾದ್ರೆ ಆ ಗೆರೆ ನೋಡಿ ತೀರ್ಮಾನ ಮಾಡ್ಬೇಡಿ, ಟೇಪಲ್ಲಿ ಅಷ್ಟು ಮೇಲೆ ಹಿಸ್ ಬಿಟ್ರೆ ಎಂತ ಇರ್ತದೆ?

ಅದೇ ಹಿಸ್ಸಿಗೆ ಲೇಮ್ ಬಿಟ್ ಸುರೀತದೆ, ಹಾಗಾಗಿ ನಾನು ಟೇಪಿಗೆ ಲೋಪಾಸ್ (ಒಂದು ಮಟ್ಟಕ್ಕಿಂತ ಮೇಲಿನ ಸ್ವರ ಕಡಿಯುದು) ಕೈಯಾರೆ ಕೊಡ್ತೇನೆ. ಯಾವ ನಂಬರ್ ಅಂತ ಹೇಳುದಿಲ್ಲ, ಕ್ಷಮಿಸಿ, ಹೊಟ್ಟೆಪಾಡು. ಚೆಂಡೆಯ ಪೆಟ್ಟನ್ನ ಎನ್ಕೋಡಿಗೆ ಮೊದಲು ಸ್ವಲ್ಪ ಹದ ಮಾಡುದೂ ಉಂಟು, ಅದೂ ಇಲ್ಲಿ ಬೇಡ. ಬೇರೆ ಎರಡು ಬೇಕಾದ್ರೆ ತಗೊಳ್ಳಿ. ಪೀಕನ್ನ (ಅತಿ ಜೋರಿನ ಜಾಗ) ಸೊನ್ನೆ ಡಿಬಿಗೆ ಮುಟ್ಟಿಸ್ಬೇಡಿ, ಒಂದೂವರೆ ಡಿಬಿ ಕೆಳಗೆ ಬಿಡಿ, ಇಲ್ಲದಿದ್ರೆ ಎಂಪಿ3 ಡೀಕೋಡ್ ಆಗುವಾಗ ಮೇಲೆ ಹಾರಿ ಕ್ಲಿಪ್ ಆಗ್ತದೆ, ಸ್ವರ ಒಡೀತದೆ. ಮತ್ತೆ ಮೋನೋ ಮಾಡುವಾಗ ಎಡ ಬಲ ಕೂಡಿಸ್ಬೇಡಿ, ಟೇಪ್ ಓದುವ ಹೆಡ್ಡಿನ ಓರೆ ಸರಿ ಇಲ್ಲದಿದ್ರೆ ಎರಡೂ ಒಂದನ್ನೊಂದು ತಿಂದು ತಾಳದ ಝಣಕ್ಕೇ ಹೋಗ್ತದೆ. ಒಂದು ಚಾನೆಲ್ ಮಾತ್ರ ತಗೊಳ್ಳಿ, ಇಲ್ಲಾಂದ್ರೆ ಸ್ಕ್ರೂಡ್ರೈವರ್ ಹಿಡಿದು ಹೆಡ್ಡಿನ ಸ್ಕ್ರೂ ತಿರುಗಿಸಿ ಪ್ರತಿ ಕ್ಯಾಸೆಟ್ಟಿಗೂ ಹೊಂದಿಸಿ. ನಾನು ಎರಡನೇದು ಮಾಡ್ತೇನೆ. ನನ್ನ ಸೆಕೆಂಡ್‌ಹ್ಯಾಂಡ್ ಡೆಕ್ ನಾಲ್ಕೂವರೆ ಸಾವಿರಕ್ಕೆ ಸಿಕ್ಕಿದ್ದು, ಬೆಲ್ಟಿಗೆ ಮುನ್ನೂರು, ಯುಎಸ್‌ಬಿ ಇಂಟರ್‌ಫೇಸಿಗೆ ಆರೇಳು ಸಾವಿರ ಹೋಗಿರ್ಬಹುದು. ಎನ್ಕೋಡರಿಗೆ ಸೊನ್ನೆ.

ಕಾರಿನ ಸ್ಟೀರಿಯೋ ಬೇರೆಯೇ ಕತೆ. ಒಬ್ರು ಫೋನ್ ಮಾಡಿ, "ನೀವು ಕೊಟ್ಟದ್ದು ಎರಡೂವರೆ ಗಂಟೆ ತೋರಿಸ್ತದೆ, ಒಂದು ಗಂಟೆಗೆ ಮುಗೀತದಲ್ಲ ಮಾರಾಯ್ರೆ, ಉಳಿದ ಆಟ ಎಲ್ಲಿ?" ಅಂತ ಜೋರು. ಅವ್ರ ಮಗ ಎಂತದೋ ಕಟ್ಟರಿನಲ್ಲಿ ಫೈಲ್ ತುಂಡು ಮಾಡಿದ್ದ, ಶುರುವಿನ ಫ್ರೇಮಲ್ಲಿ ಇರುವ ವಿಬಿಆರ್ ಮಾಹಿತಿ ಹೋಗಿತ್ತು, ಸ್ಟೀರಿಯೋ ಮೊದಲ ಕೆಲವು ಫ್ರೇಮ್ ನೋಡಿ ಅಂದಾಜು ಹೊಡೀತಿತ್ತು. ಶುರುವಿಗೆ ಮೌನ ಅಲ್ವಾ, ಬಿಟ್ ಕಮ್ಮಿ, ಹಾಗಾಗಿ ಟೈಮ್ ಜಾಸ್ತಿ. ಫೂಬಾರಿನಲ್ಲೇ ವಿಬಿಆರ್ ಹೆಡರ್ ಸರಿ ಮಾಡುದು ಉಂಟು, ಎರಡು ನಿಮಿಷದ ಕೆಲಸ. ಇನ್ನು ಟ್ಯಾಗಲ್ಲಿ (ಫೈಲಿನೊಳಗೆ ಬರೆಯುವ ಹೆಸರು, ವಿವರ) ಕನ್ನಡ ಹಾಕಿದ್ರೆ ಹೆಚ್ಚಿನ ಹಳೆ ಸ್ಟೀರಿಯೋದಲ್ಲಿ ಬರೀ ಡಬ್ಬಿ ಡಬ್ಬಿ, ಹಾಗಾಗಿ ಪ್ರಸಂಗದ ಹೆಸರು ಕಾರಿಗೆ ಇಂಗ್ಲಿಷ್ ಅಕ್ಷರದಲ್ಲಿ, ಐಡಿ3 2.3 ಅನ್ನುವ ಟ್ಯಾಗ್ ಫಾರ್ಮ್ಯಾಟಿನಲ್ಲಿ, ಫೋಟೋ ಸಣ್ಣದು. ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡುದು ಫ್ಯಾಟ್32ರಲ್ಲಿ. ಕೆಲವು ಸ್ಟೀರಿಯೋ ಹೆಸರಿನ ಪ್ರಕಾರ ಓಡುದಿಲ್ಲ, ಕಾಪಿ ಆದ ಕ್ರಮಕ್ಕೆ ಓಡ್ತದೆ, ಒಂದೊಂದೇ ಕಾಪಿ ಮಾಡಿ ಇಲ್ಲದಿದ್ರೆ ಕರ್ಣ ಸತ್ತು ಆಮೇಲೆ ಯುದ್ಧಕ್ಕೆ ಹೊರಡ್ತಾನೆ.

ತಾಳಮದ್ದಳೆಯಲ್ಲಿ ಮಾತ್ರ ನಾನು ಎಂಪಿ3 ಬಿಟ್ಟು ಓಪಸ್ ಅನ್ನುವ ಇನ್ನೊಂದು ಫಾರ್ಮ್ಯಾಟ್ ಕಡೆ ಹೋಗಿ ನೋಡಿದೆ. ಇಡೀ ರಾತ್ರಿಯದ್ದು, ವಿದೇಶದಲ್ಲಿರುವ ಮಕ್ಕಳಿಗೆ ಕಳಿಸ್ಬೇಕು ಅಂತಾರೆ, ಫೋನಲ್ಲೇ ಕೇಳುದು. ಮೋನೋ 32 ಕೆಬಿಪಿಎಸ್, ಗಂಟೆಗೆ ಹದಿನಾಲ್ಕು ಹದಿನೈದು ಎಂಬಿ ಅಷ್ಟೇ! ಓಪಸ್ಸಿನ ಹಳೆ 1.1ರಲ್ಲಿ ಅರ್ಥ (ಮಾತು) ಹೇಳುವಾಗ ಚೊಕ್ಕ ಇತ್ತು, ಭಾಗವತರು ಪದ ಎತ್ತಿದ ಕೂಡ್ಲೇ ಮೊದಲ ಒಂದೆರಡು ಸೆಕೆಂಡ್ ಸ್ವರ ಗೊಗ್ಗರು, ಆಮೇಲೆ ಸರಿ. ಮಾತು ಯಾವುದು ಪದ ಯಾವುದು ಅಂತ ಅದಕ್ಕೆ ಗೊತ್ತಾಗ್ಲಿಕ್ಕೆ ತಡ ಆಗ್ತಿತ್ತು ಅಂತ ನನ್ನ ಅಂದಾಜು. 2018ರಲ್ಲಿ 1.3 ಬಂತು, ಅದರಲ್ಲಿ ಮಾತು ಸಂಗೀತ ಗುರುತಿಸುದಕ್ಕೆ ನ್ಯೂರಲ್ ನೆಟ್‌ವರ್ಕ್ ಹಾಕಿದ್ರು. ಅಪ್ಡೇಟ್ ಮಾಡಿ ಅದೇ ತುಂಡು ಹಾಕಿದೆ, ಗೊಗ್ಗರು ಮುಕ್ಕಾಲು ಪಾಲು ಹೋಯ್ತು. ಅಪ್ಡೇಟಿನಿಂದ ಕಿವಿಗೆ ಕೇಳುವಷ್ಟು ಲಾಭ ನನಗೆ ಆದದ್ದು ಇದೊಂದರಲ್ಲೇ. ಈಗ 48 ಹಾಕ್ತೇನೆ, ಗಂಟೆಗೆ ಇಪ್ಪತ್ತೆರಡು ಎಂಬಿ ಆಗ್ತದೆ, ಆಗ್ಲಿ.

ಮಾಸ್ಟರ್ ಎಲ್ಲ ಫ್ಲಾಕ್ (ಏನೂ ಕಳೆಯದೆ ಒತ್ತುವ ಫಾರ್ಮ್ಯಾಟ್). 2022ರಲ್ಲಿ ಫ್ಲಾಕ್ 1.4 ಬಂದಾಗ ಇಡೀ ಡಿಸ್ಕನ್ನ ಲೆವೆಲ್ 8ರಲ್ಲಿ (ಅತಿ ಹೆಚ್ಚು ಒತ್ತುದು) ಮತ್ತೆ ಎನ್ಕೋಡ್ ಮಾಡುವ ಚಪಲ ಹತ್ತಿತ್ತು, ರಾತ್ರಿಯಿಡೀ ಓಡಿಸಿ ಉಳಿದದ್ದು ನೂರಕ್ಕೆ ಒಂದೂ ಇಲ್ಲ. ಹಿಸ್ ಇರುವ ಟೇಪನ್ನ ಯಾವ ಗಣಿತವೂ ಒತ್ತುದಿಲ್ಲ. ಒಂದು ಲಾಭ ಅಂದ್ರೆ ಒಳಗಿನ ಎಂಡಿ5 (ಫೈಲ್ ಹಾಳಾಗಿಲ್ಲ ಅಂತ ನೋಡುವ ಗುರುತು) ತಾಳೆ ಆಗದ ನಾಲ್ಕೈದು ಫೈಲ್ ಸಿಕ್ಕಿತು, ಡಿಸ್ಕ್ ಹಾಳಾಗ್ಲಿಕ್ಕೆ ಶುರುವಾದದ್ದು ಹಾಗೆ ಗೊತ್ತಾಯ್ತು, ಹೊಸ ಡಿಸ್ಕಿಗೆ ನಾಲ್ಕು ಸಾವಿರ.

ರೇಟು ಕೇಳುವವರಿಗೆ: ಕ್ಯಾಸೆಟ್ಟಿಗೆ ನೂರೈವತ್ತು, ಫಂಗಸ್ ಹಿಡಿದಿದ್ರೆ ಜಾಸ್ತಿ, ಫ್ಲಾಕ್ ಬೇಕಿದ್ರೆ ಡಿಸ್ಕ್ ನೀವೇ ತನ್ನಿ. 320ಯೇ ಬೇಕು ಅಂತ ಹಟ ಹಿಡಿದ್ರೆ ಹಾಕಿ ಕೊಡ್ತೇನೆ, ಅದಕ್ಕೆ ಎಕ್ಸ್‌ಟ್ರಾ ಇಲ್ಲ. ಸ್ಪೂಲ್ ಟೇಪ್ ತರ್ಬೇಡಿ, ಮೆಷಿನ್ ಇಲ್ಲ.