ಕ್ರೀಮ್ ಮುಖಕ್ಕೆ, ಪರೀಕ್ಷೆ ಮೊಣಕೈಗೆ

ಕಲಬುರಗಿಯ ಸೂಪರ್ ಮಾರ್ಕೆಟ್‌ನ ಒಂದು ಅಂಗಡಿಯಲ್ಲಿ ಬಿಲ್ಲಿಗೆ ನಿಂತಿದ್ದೆ. ಪಕ್ಕದಲ್ಲಿ ಮೂವತ್ತೈದರ ಆಸುಪಾಸಿನ ಒಬ್ಬರು. ಗಲ್ಲದ ಸುತ್ತ ಕೆಂಪು ಮೊಡವೆ, ಕೆನ್ನೆ ಮೇಲೆ ಬಿಳಿ ಹೊಟ್ಟು. ಮಾರುವ ಹುಡುಗ ಡಬ್ಬಿ ತೆರೆದು ಅವರ ಕೈಹಿಂದೆ ಒಂದಿಷ್ಟು ಕ್ರೀಮ್ ಹಚ್ಚಿದ. ಅವರು ಉಜ್ಜಿದರು, ಮೂಸಿ ನೋಡಿದರು. ‘ವಾಸ್ನಿ ಛಲೋ ಅದ, ಕೊಡ್ರಿ’ ಅಂದರು. ವ್ಯಾಪಾರ ಮುಗೀತು.

ನಮ್ಮ ವೈನಿಯೂ (ಅತ್ತಿಗೆ) ಹೀಗೇ. ಅವರ ಕಪಾಟಿನಲ್ಲಿ ಅರ್ಧ ಖಾಲಿಯಾದ ಐದು ಡಬ್ಬಿಗಳಿವೆ. ಒಂದು ಉರಿಯಿತು, ಒಂದು ಮೊಡವೆ ತಂತು, ಒಂದು ಈಗ ಒಡೆದ ಹಿಮ್ಮಡಿಗೆ ಹೋಗುತ್ತಿದೆ. ಒಣ ಚರ್ಮ, ಸೂಕ್ಷ್ಮ ಚರ್ಮ, ಮೇಲೆ ಮೊಡವೆ ಬೇರೆ. ಮೂರೂ ಒಂದೇ ಮುಖದಲ್ಲಿ ಸೇರಿದರೆ ಆಯ್ಕೆ ಕಷ್ಟವೇ. ಒಣಗಿದ್ದಕ್ಕೆ ಜಿಡ್ಡು ಬೇಕು, ಮೊಡವೆಗೆ ಆ ಜಿಡ್ಡು ಆಗದು, ಸೂಕ್ಷ್ಮಕ್ಕೆ ಯಾವುದೂ ಆಗದು. ಆದರೂ ಸರಿಯಾದ ಮಾಯಿಶ್ಚರೈಸರ್, ಅಂದರೆ ಚರ್ಮದ ತೇವ ಕಾಯುವ ಕ್ರೀಮ್ ಆರಿಸಲು ದಾರಿ ಇದೆ, ಮೂಗು ಮತ್ತು ಕೈಹಿಂದೆ ಎರಡನ್ನೂ ನಂಬದಿದ್ದರೆ.

ಹಂತ 1: ಮೊದಲು ಸೋಪು ಬಿಡಿ

ಸಾಮಾನ್ಯ ಸೋಪಿನ ಪಿಎಚ್ (ಹುಳಿ, ಕ್ಷಾರದ ಅಳತೆ) 9ರಿಂದ 10ರಷ್ಟು. ನಮ್ಮ ಚರ್ಮದ್ದು 5ರ ಹತ್ತಿರ. ಅಷ್ಟು ಕ್ಷಾರ ಚರ್ಮವನ್ನು ಒಣಗಿಸುತ್ತದೆ. ಅದರ ಜೊತೆ ನಮ್ಮ ಬೋರಿನ ಗಡಸು ನೀರು ಸೇರಿದರೆ ಸೋಪಿನ ಜಿಗುಟು ಮುಖದ ಮೇಲೇ ಉಳಿಯುತ್ತದೆ. ಸೋಪು ಹಾಗೇ ಇಟ್ಟು ಕ್ರೀಮ್ ಬದಲಿಸಿದರೆ ದುಡ್ಡು ದಂಡ. ನೊರೆ ಕಡಿಮೆ ಬರುವ, ವಾಸನೆ ಇಲ್ಲದ ಫೇಸ್‌ವಾಶ್ ಸಾಕು. ಮೊಡವೆಗೆ ಅಡಾಪಲಿನ್ ಅಥವಾ ಬೆಂಜಾಯ್ಲ್ ಪೆರಾಕ್ಸೈಡ್ ಹಚ್ಚುತ್ತಿದ್ದೀರಾ? ಚರ್ಮ ಒಣಗಲು ಅವೇ ಕಾರಣ ಇರಬಹುದು. ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ.

ಹಂತ 2: ಡಬ್ಬಿ ತಿರುಗಿಸಿ ಓದಿ

ಮುಂದೆ ಬಾದಾಮಿ, ಕೇಸರಿ, ಅಲೋವೆರಾ ಚಿತ್ರ ಇರುತ್ತದೆ. ಅದನ್ನು ಬಿಡಿ. ಹಿಂದಿನ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ ಬರುತ್ತದೆ. ಶೇ 1ಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಕೇಸರಿ ಸಾಮಾನ್ಯವಾಗಿ ಆ ಬಾಲದಲ್ಲೇ ಸಿಗುತ್ತದೆ.

ನಿಮಗೆ ಬೇಕಾದ್ದು ಮೂರು ಕೆಲಸದ ವಸ್ತು. ಮನೆಯಲ್ಲಿ ಶಹಾಬಾದ್ ಪರಸಿ ಹಾಸಿದ್ದನ್ನು ನೋಡಿದ್ದೀರಲ್ಲ, ಚರ್ಮವೂ ಹಾಗೇ. ಕಲ್ಲುಗಳು ಇವೆ, ನಡುವೆ ಸಂದು ತುಂಬುವ ಸಿಮೆಂಟ್ ಬೇಕು. ಆ ಸಿಮೆಂಟಿನ ಕೆಲಸ ಸೆರಮೈಡ್, ಕೊಲೆಸ್ಟರಾಲ್, ಸ್ಕ್ವಾಲೇನ್‌ಗಳದ್ದು. ನೀರು ಹಿಡಿದಿಡಲು ಗ್ಲಿಸರಿನ್, ಹಯಲುರಾನಿಕ್ ಆಸಿಡ್, ಪ್ಯಾಂಥೆನಾಲ್. ಮೇಲೆ ಮುಚ್ಚಳದ ಹಾಗೆ ಡೈಮೆಥಿಕೋನ್ ಅಥವಾ ಪೆಟ್ರೋಲೇಟಮ್. ಮೂರರಿಂದಲೂ ಒಂದೊಂದು ಇದ್ದರೆ ಕೈಯಲ್ಲಿ ಹಿಡಿಯಬಹುದಾದ ಡಬ್ಬಿ.

ವಾಪಸ್ ಇಡಬೇಕಾದ್ದು ಯಾವುದು? ಪಟ್ಟಿಯಲ್ಲಿ ಫ್ರೇಗ್ರನ್ಸ್ ಅಥವಾ ಪರ್ಫ್ಯೂಮ್ ಅಂತ ಇದ್ದರೆ ಇಟ್ಟುಬಿಡಿ. ನಿಂಬೆ, ಲ್ಯಾವೆಂಡರ್, ಟೀ ಟ್ರೀ ಎಣ್ಣೆಗಳೂ ಅಷ್ಟೇ, ‘ನ್ಯಾಚುರಲ್’ ಅಂದ ಮಾತ್ರಕ್ಕೆ ಅವು ಉರಿಸದೆ ಬಿಡುವುದಿಲ್ಲ. ‘ಅನ್‌ಸೆಂಟೆಡ್’ ಅಂತ ಬರೆದಿದ್ದರೂ ಪಟ್ಟಿ ನೋಡಿ. ಕೆಟ್ಟ ವಾಸನೆ ಮುಚ್ಚಲು ಸುವಾಸನೆ ಹಾಕಿರಬಹುದು. ‘ಫ್ರೇಗ್ರನ್ಸ್ ಫ್ರೀ’ ಅಂದರೆ ಬೇರೆ ಮಾತು, ಸುವಾಸನೆ ಹಾಕಿಲ್ಲ ಅಂತ. ಚರ್ಮ ಒಣಗಿಸುವ ಆಲ್ಕೋಹಾಲ್ ಡಿನ್ಯಾಟ್ ಮೊದಲ ಐದರಲ್ಲಿದ್ದರೆ ಬೇಡ. ಸೀಟೈಲ್ ಆಲ್ಕೋಹಾಲ್ ನೋಡಿ ಹೆದರಬೇಡಿ, ಅದು ಒಣಗಿಸುವ ಬಗೆಯ ಆಲ್ಕೋಹಾಲ್ ಅಲ್ಲ, ಮೆತ್ತಗೆ ಮಾಡುವ ಮೇಣದಂಥದ್ದು. ಕೊಬ್ಬರಿ ಎಣ್ಣೆ, ಕೋಕೋ ಬಟರ್, ಐಸೊಪ್ರೊಪೈಲ್ ಮಿರಿಸ್ಟೇಟ್ ಮೇಲಿನ ಸಾಲಿನಲ್ಲಿದ್ದರೆ ಮೊಡವೆಯವರು ದೂರ ಇರಿ.

‘ನಾನ್ ಕಾಮೆಡೊಜೆನಿಕ್’, ಅಂದರೆ ಚರ್ಮದ ರಂಧ್ರ ಮುಚ್ಚದು ಅನ್ನುವ ಮೊಹರು? ಇದ್ದರೆ ಒಳ್ಳೆಯದು. ಆದರೆ ಅದಕ್ಕೆ ಎಲ್ಲ ಕಂಪನಿಗೂ ಒಂದೇ ಅಳತೆಕೋಲು ಇಲ್ಲ. ಯಾವ ವಸ್ತು ರಂಧ್ರ ಮುಚ್ಚುತ್ತದೆ ಅನ್ನುವ ಹಳೇ ಲೆಕ್ಕಗಳು 1970ರ ದಶಕದಲ್ಲಿ ಮೊಲದ ಕಿವಿ ಮೇಲೆ ಹಚ್ಚಿ ನೋಡಿ ಬಂದವು. ನಿಮ್ಮ ಗಲ್ಲ ಮೊಲದ ಕಿವಿಯಲ್ಲ. ಹಾಗಾಗಿಯೇ ನಾಲ್ಕನೇ ಹಂತ.

ನಡುವೆ ಒಂದು ಮಾತು. ಮೆಡಿಕಲ್‌ನಿಂದ ಗ್ಲಿಸರಿನ್ ಬಾಟಲಿ ತಂದು ಗುಲಾಬಿ ನೀರಿಗೆ ಬೆರೆಸುವ ಅಗ್ಗದ ದಾರಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಒಣ ಹವೆಯಲ್ಲಿ ಬರೀ ಗ್ಲಿಸರಿನ್ ಹಚ್ಚಿದರೆ ಅದು ಒಳಗಿನ ನೀರನ್ನೇ ಮೇಲೆ ಎಳೆಯುತ್ತದೆ, ಆ ನೀರು ಆರಿಹೋಗುತ್ತದೆ. ಮೇಲೆ ಮುಚ್ಚಳ ಬೇಕು. ಜೊತೆಗೆ ಗುಲಾಬಿ ನೀರಿನ ವಾಸನೆ ಸೂಕ್ಷ್ಮ ಚರ್ಮಕ್ಕೆ ಆಗಿಬರುವುದು ಅಪರೂಪ. ಇನ್ನು ತಲೆಗೆ ತುಂಬಾ ಎಣ್ಣೆ ಹಚ್ಚಿ ಮಲಗಿದರೆ ಅದು ಹಣೆಗೂ ದಿಂಬಿಗೂ ಇಳಿಯುತ್ತದೆ. ಹಣೆಯಂಚಿನ ಮೊಡವೆಗೆ ಪಾಪ, ಕ್ರೀಮ್ ಸುಮ್ನೆ ಬೈಸಿಕೊಳ್ಳುತ್ತದೆ.

ಹಂತ 3: ಚಿಕ್ಕ ಟ್ಯೂಬ್ ತನ್ನಿ

ಅಗಲ ಬಾಯಿಯ ಡಬ್ಬಿ ಬೇಡ, ದಿನಾ ಬೆರಳು ಅದ್ದಬೇಕಾಗುತ್ತದೆ.

ಹಂತ 4: ಮೊಣಕೈ, ಆಮೇಲೆ ದವಡೆ

ಎಲ್ಲರೂ ಕೆಡಿಸುವುದು ಇಲ್ಲೇ. ಕೈಹಿಂದಿನ ಚರ್ಮ ದಿನಾ ಪಾತ್ರೆ ತಿಕ್ಕಿ, ರೊಟ್ಟಿ ಬಡಿದು ಗಟ್ಟಿಯಾಗಿರುತ್ತದೆ. ಅಲ್ಲಿ ಏನು ಹಚ್ಚಿದರೂ ಸುಮ್ಮನಿರುತ್ತದೆ. ಅಂಗಡಿಯಲ್ಲಿ ಐದು ನಿಮಿಷದಲ್ಲಿ ತಿಳಿಯುವುದು ವಾಸನೆ ಮಾತ್ರ.

ವೈನಿಗೆ ಹೇಳಿದಾಗ ಕೇಳಿದ್ದು, ‘ಮಾರಿಗೆ ಹಚ್ಚೋದು ಮೊಣಕೈಗೆ ಯಾಕ ಹಚ್ಚಬೇಕವಾ?’ ಯಾಕಂದರೆ ಮೊಣಕೈ ಒಳಮಡಿಕೆಯ ಚರ್ಮ ತೆಳು, ಕೆಂಪಾದರೆ ತೋಳು ಮುಚ್ಚಿ ಓಡಾಡಬಹುದು.

ಎಡ ಮೊಣಕೈ ಒಳಗೆ ಎರಡು ರೂಪಾಯಿ ನಾಣ್ಯದಷ್ಟು ಜಾಗ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಏಳು ದಿನ, ಅದೇ ಜಾಗ. ಸ್ನಾನ ಎಂದಿನಂತೆ ಮಾಡಿ, ಒರೆಸಿ ಮತ್ತೆ ಹಚ್ಚಿ. ಬಲ ಮೊಣಕೈಗೆ ಏನೂ ಬೇಡ, ಹೋಲಿಸಲು ಇರಲಿ. ಮೊದಲ ದಿನ ಏನೂ ಆಗಲಿಲ್ಲ ಅಂತ ನಿಲ್ಲಿಸಬೇಡಿ. ಉರಿ ನಿಮಿಷಗಳಲ್ಲಿ ಬರಬಹುದು, ಅಲರ್ಜಿ ಹಾಗಲ್ಲ. ಅದು ಎರಡು ಮೂರು ದಿನ ಕಳೆದು, ಕೆಲವೊಮ್ಮೆ ಇನ್ನೂ ತಡವಾಗಿ ತುರಿಕೆಯಾಗಿ ಬರುತ್ತದೆ. ಹಚ್ಚಿದ ಕೂಡಲೇ ಚುರುಕ್ ಅಂದು ಒಂದು ನಿಮಿಷದಲ್ಲಿ ಹೋದರೆ ಮುಂದುವರಿಸಿ. ಕೆಂಪು ಉಳಿದರೆ, ತುರಿಸಿದರೆ, ಸಣ್ಣ ಗುಳ್ಳೆ ಎದ್ದರೆ ಆ ಟ್ಯೂಬಿಗೆ ಅಲ್ಲೇ ನಮಸ್ಕಾರ.

ವೈನಿ ಆತುರಕ್ಕೆ ಎರಡು ಕ್ರೀಮ್ ಒಂದೇ ಕೈಗೆ ಹಚ್ಚಿದರು. ನಾಲ್ಕನೇ ದಿನ ಕೆಂಪಾಯಿತು, ಯಾವುದರಿಂದ ಅಂತ ನೆನಪಿಲ್ಲ. ಎರಡು ನೋಡಲೇಬೇಕೆಂದರೆ ಒಂದೊಂದು ಕೈಗೆ ಒಂದೊಂದು, ಟ್ಯೂಬಿನ ಮೇಲೆ ಬಾಲ್‌ಪೆನ್ನಿನಲ್ಲಿ ‘ಎಡ’, ‘ಬಲ’ ಅಂತ ಬರೆಯಿರಿ. ಹಚ್ಚಿದ ದಿನವನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಗುರುತು ಮಾಡಿ. ಮೇ ತಿಂಗಳಲ್ಲಿ ಮೈತುಂಬ ಬೆವರುಗುಳ್ಳೆ ಎದ್ದಾಗ ಈ ಪರೀಕ್ಷೆ ಬೇಡ, ಯಾವ ಗುಳ್ಳೆ ಯಾವುದರದ್ದು ಅಂತ ತಿಳಿಯದು.

ಮೊಣಕೈ ಪಾಸಾಯಿತು ಅಂದರೆ ಉರಿ, ಅಲರ್ಜಿ ಇಲ್ಲ ಅಂತ ಅಷ್ಟೇ. ಮೊಡವೆ ಬರುತ್ತದಾ ಇಲ್ಲವಾ ಅನ್ನುವುದನ್ನು ಮೊಣಕೈ ಹೇಳಲಾರದು. ಅದಕ್ಕೆ ಒಂದೇ ಬದಿಯ ದವಡೆ, ಕಿವಿ ಕೆಳಗಿನಿಂದ ಗಲ್ಲದವರೆಗೆ, ರಾತ್ರಿ ಹೊತ್ತು, ಮೂರು ವಾರ. ಮೊಡವೆ ಚರ್ಮದೊಳಗೆ ವಾರಗಟ್ಟಲೆ ಕಟ್ಟಿ ಆಮೇಲೆ ಮೇಲೆ ಬರುವುದರಿಂದ ಎರಡು ದಿನದ ತೀರ್ಪು ಲೆಕ್ಕಕ್ಕಿಲ್ಲ. ಈ ಮೂರು ವಾರ ಬೇರೆ ಏನೂ ಹೊಸದು ಬೇಡ. ಹೊಸ ಫೇಸ್‌ವಾಶ್ ಬೇಡ, ಪಾರ್ಲರಿನ ಫೇಶಿಯಲ್ ಬೇಡ. ಮುಟ್ಟಿನ ಹಿಂದಿನ ವಾರ ಗಲ್ಲದಲ್ಲಿ ಮೊಡವೆ ಏಳುವುದು ಅನೇಕರಿಗೆ ಮಾಮೂಲು, ಆ ಬಾರಿಯದನ್ನು ಕ್ರೀಮಿನ ತಲೆಗೆ ಕಟ್ಟಬೇಡಿ. ಎರಡೂ ದವಡೆ ಹೋಲಿಸಿ ನೋಡಿ. ಹಚ್ಚಿದ ಕಡೆ ಮಾತ್ರ ಜಾಸ್ತಿಯಾಗಿದ್ದರೆ ಆ ಕ್ರೀಮ್ ಹಿಮ್ಮಡಿಗೆ ಹೋಗಲಿ.

ಮದುವೆಗೆ ಅಥವಾ ಶರಣಬಸವೇಶ್ವರ ಜಾತ್ರೆಗೆ ಎರಡು ದಿನ ಇದೆ ಅನ್ನುವಾಗ ಹೊಸ ಕ್ರೀಮ್ ಶುರು ಮಾಡುವವರಿಗೆ ನನ್ನ ಹತ್ತಿರ ಉಪಾಯ ಇಲ್ಲ.

ಮೂರೇ ದಿನದಲ್ಲಿ ‘ಫಳಫಳ’ ಅನ್ನುವ ಟ್ಯೂಬು

ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯವರು ನನಗೆ ‘ಇದನ್ನು ಹಚ್ಚಿ, ಮೊಡವೆ, ಕಲೆ ಎರಡೂ ಹೋಗ್ತಾವ’ ಅಂತ ಚಿಕ್ಕ ಟ್ಯೂಬ್ ಕೊಟ್ಟರು. ಮೂರು ದಿನದಲ್ಲಿ ಮುಖ ತಿಳಿಯಾಯಿತು. ಎರಡು ತಿಂಗಳ ಮೇಲೆ ಬಿಟ್ಟೆ. ಕೆಂಪು, ಉರಿ, ಮೊದಲಿನ ಎರಡರಷ್ಟು ಮೊಡವೆ. ಅದರಲ್ಲಿದ್ದದ್ದು ಸ್ಟಿರಾಯ್ಡ್. ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲೇ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಆದೇಶಿಸಿದೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅನ್ನುವ ಹೆಸರು ಕಂಡರೆ ಅದು ಮಾಯಿಶ್ಚರೈಸರ್ ಅಲ್ಲ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ಒಮ್ಮೆಲೇ ಬಿಡದೆ ಚರ್ಮದ ಡಾಕ್ಟರಿಗೆ ತೋರಿಸಿ.

ಹಂತ 5: ಹಚ್ಚುವುದು

ಮುಖ ತೊಳೆದು ಟವೆಲ್‌ನಿಂದ ಒತ್ತಿ ಒರೆಸಿ, ಇನ್ನೂ ತೇವ ಇರುವಾಗಲೇ ಹಚ್ಚಿ. ನಾಲ್ಕು ತೊಗರಿ ಕಾಳಿನಷ್ಟು ಸಾಕು. ನಮ್ಮ ಬೇಸಿಗೆ 40 ಡಿಗ್ರಿ ದಾಟಿದಾಗ ತೆಳು ಲೋಷನ್ ಹಿತ. ಚಳಿಗಾಲಕ್ಕೆ, ಅದರಲ್ಲೂ ಬೀದರ್ ಕಡೆಯ ಮುಂಜಾವಿಗೆ ದಪ್ಪ ಕ್ರೀಮ್ ಬೇಕು. ಕೂಲರ್ ಮುಂದೆ ಮಲಗುವವರಿಗೆ ಒಂದಿಷ್ಟು ತೇವ ಪುಕ್ಕಟೆ ಸಿಗುತ್ತದೆ, ಏಸಿ ಕೋಣೆಯವರು ರಾತ್ರಿ ಇನ್ನೊಂದು ಪದರ ಹಚ್ಚಿಕೊಳ್ಳಿ. ಹಗಲು ಹೊರಗೆ ಹೊರಟರೆ ಮೇಲೆ ಸನ್‌ಸ್ಕ್ರೀನ್.

ಟ್ಯೂಬಿನ ಹಿಂದೆ ತೆರೆದ ಡಬ್ಬಿಯ ಸಣ್ಣ ಚಿತ್ರದೊಳಗೆ 12ಎಂ ಅಂತ ಇರಬಹುದು. ತೆರೆದ ಮೇಲೆ ಹನ್ನೆರಡು ತಿಂಗಳು ಬಾಳಿಕೆ ಅಂತ ಅರ್ಥ. ತೆರೆದ ದಿನಾಂಕ ಬರೆದಿಡಿ. ವೈನಿ ಬರೆದಿದ್ದಾರೆ. ಸದ್ಯ ಅವರ ಎಡ ದವಡೆಗೆ ಹನ್ನೊಂದನೇ ರಾತ್ರಿ.